ಹಿರಿಯರಿಗೆ ಸ್ಮಾರ್ಟ್‌ಫೋನ್ ಕಲಿಸುವ ಬಗೆ

ಮನೆಯ ಹಿರಿಯರಿಗೆ ಸ್ಮಾರ್ಟ್‌ಫೋನ್ ಬಳಕೆ ಕಲಿಸಹೊರಟ ಕಿರಿಯರು ಮೊದಲು ಅರಿಯಬೇಕಾದದ್ದು, ಇಬ್ಬರ ನಡುವಿನ ಅಂತರ ಬುದ್ಧಿಗೆ ಸಂಬಂಧಿಸಿದ್ದಲ್ಲ, ತಪ್ಪಿನ ಬಗ್ಗೆ ಇರುವ ಅಳುಕಿಗೆ ಸಂಬಂಧಿಸಿದ್ದು ಎಂಬುದನ್ನು. ಟೈಪ್‌ರೈಟರಿನಲ್ಲಿ ಸಾಲು ತಪ್ಪಿದರೆ ಹಾಳೆಯನ್ನೇ ಬದಲಿಸಬೇಕಿದ್ದ, 36 ಚಿತ್ರಗಳ ರೀಲಿನಲ್ಲಿ ಕೆಟ್ಟ ಚಿತ್ರಕ್ಕೂ ದುಡ್ಡು ತೆರಬೇಕಿದ್ದ ಕಾಲದಲ್ಲಿ ಬೆಳೆದವರಿಗೆ ಗುಂಡಿ ಒತ್ತುವ ಮುನ್ನ ಯೋಚಿಸುವುದೇ ವಿವೇಕವಾಗಿತ್ತು. ಡಿಜಿಟಲ್ ಸಾಧನಗಳೊಂದಿಗೆ ಬೆಳೆದವರಾದರೋ ಮೊದಲು ಒತ್ತಿ ನೋಡುತ್ತಾರೆ, ಅರ್ಥವನ್ನು ಆಮೇಲೆ ಹುಡುಕುತ್ತಾರೆ.

ಆದ್ದರಿಂದ ಪಾಠವನ್ನು ಹಿಂದಿರುಗುವ ದಾರಿಯಿಂದಲೇ ಆರಂಭಿಸಿ. ಯಾವ ಪರದೆಗೆ ಹೋದರೂ ಮೊದಲಿನ ಜಾಗಕ್ಕೆ ಮರಳುವುದನ್ನು ನಾಲ್ಕಾರು ಬಾರಿ ಮಾಡಿಸಿ. ಬೇಡದ ಒಂದು ಫೋಟೋವನ್ನು ಅವರ ಕೈಯಿಂದಲೇ ಅಳಿಸಿಸಿ, ಅಳಿಸಿದವುಗಳ ಪಟ್ಟಿಯಿಂದ ಅದನ್ನು ಮರಳಿ ತರಿಸಿ. ಐಫೋನಿನಲ್ಲಿ ಅಳಿಸಿದ ಚಿತ್ರ ಸಾಮಾನ್ಯವಾಗಿ 30 ದಿನ ಆ ಪಟ್ಟಿಯಲ್ಲಿ ಉಳಿದಿರುತ್ತದೆ. ಈ ಒಂದು ಅಭ್ಯಾಸ ನೀಡುವ ಧೈರ್ಯವನ್ನು ಗಂಟೆಗಟ್ಟಲೆ ವಿವರಣೆಯೂ ನೀಡಲಾರದು. ಜೊತೆಗೆ, ಹಿಂಪಡೆಯಲಾಗದ ಕೆಲಸಗಳು ಯಾವುವೆಂದೂ ಸ್ಪಷ್ಟವಾಗಿ ಹೇಳಿ: ಅಪರಿಚಿತರಿಗೆ ಕಳುಹಿಸಿದ ಹಣ ಮರಳುವುದು ಬಹಳ ಕಷ್ಟ, ಬಾಯಿಬಿಟ್ಟು ಹೇಳಿದ ಒಟಿಪಿಯನ್ನು ವಾಪಸು ಪಡೆಯುವಂತಿಲ್ಲ. ಅವರ ಎಚ್ಚರ ಇಲ್ಲಿ ಹಾಗೆಯೇ ಉಳಿಯಲಿ.

ಕಲಿಸುವಾಗ ಫೋನನ್ನು ನಿಮ್ಮ ಕೈಗೆ ತೆಗೆದುಕೊಳ್ಳಲೇಬೇಡಿ. ಎಷ್ಟೋ ಮನೆಗಳಲ್ಲಿ ಪಾಠ ಕೆಡುವುದು ಇಲ್ಲಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ. ನಿಮ್ಮ ಬೆರಳಿನ ವೇಗವನ್ನು ಕಂಡವರು ಕಲಿಯುವುದಿಲ್ಲ, ಇದು ತಮ್ಮಿಂದಾಗದು ಎಂದು ಸೋಲೊಪ್ಪಿಕೊಳ್ಳುತ್ತಾರೆ. ಅವರಿಗೆ ನಿಜವಾಗಿ ಬೇಕಾದ ಒಂದೇ ಕೆಲಸವನ್ನು, ಉದಾಹರಣೆಗೆ ಮೊಮ್ಮಕ್ಕಳಿಗೆ ವಿಡಿಯೋ ಕರೆ ಮಾಡುವುದನ್ನು, ಆರಿಸಿಕೊಂಡು ಅದರ ಹಂತಗಳನ್ನು ಅವರೇ ತಮ್ಮ ಮಾತಿನಲ್ಲಿ ಪುಸ್ತಕದಲ್ಲಿ ಬರೆದುಕೊಳ್ಳಲು ಬಿಡಿ. ಅಪ್‌ಡೇಟ್ ಆದಾಗ ಗುಂಡಿಯ ಜಾಗ ಬದಲಾಗಬಹುದಾದ್ದರಿಂದ, ಅದು ಎಲ್ಲಿದೆ ಎನ್ನುವುದರ ಜೊತೆಗೆ ಏನು ಮಾಡುತ್ತದೆ ಎಂಬುದನ್ನೂ ಬರೆಸಿ. ಅಕ್ಷರದ ಗಾತ್ರವನ್ನು ಮೊದಲೇ ಹೆಚ್ಚಿಸಿ. ಬೆರಳು ತುಸು ಹೆಚ್ಚು ಹೊತ್ತು ನಿಂತು ಬೇರೇನೋ ತೆರೆದುಕೊಳ್ಳುತ್ತಿದ್ದರೆ, ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಸ್ಪರ್ಶದ ಅವಧಿಯನ್ನು ಸರಿಹೊಂದಿಸಿ.

2001ರಲ್ಲಿ ಅಮೆರಿಕದ ಬರಹಗಾರ ಮಾರ್ಕ್ ಪ್ರೆನ್ಸ್‌ಕಿ ಹೊಸ ಪೀಳಿಗೆಯನ್ನು ‘ಡಿಜಿಟಲ್ ನೇಟಿವ್‌’ಗಳೆಂದು ಕರೆದಾಗಿನಿಂದ ಕಿರಿಯರಿಗೆ ಇದೆಲ್ಲ ತಾನಾಗಿ ಬರುತ್ತದೆಂಬ ನಂಬಿಕೆ ಬೇರೂರಿದೆ. ಆದರೆ ಹಲವು ದೇಶಗಳ ಎಂಟನೆಯ ತರಗತಿಯ ವಿದ್ಯಾರ್ಥಿಗಳನ್ನು ಪರೀಕ್ಷಿಸಿದ 2018ರ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಅಂತರ್ಜಾಲದ ಮಾಹಿತಿಯನ್ನು ವಿಮರ್ಶಿಸಿ ಅಳೆಯಬಲ್ಲ ಅತ್ಯುನ್ನತ ಮಟ್ಟವನ್ನು ತಲುಪಿದವರು ಶೇಕಡ 2ರಷ್ಟು ಮಾತ್ರ. ಬೆರಳಿನ ಚುರುಕು ಬೇರೆ, ವಿವೇಚನೆ ಬೇರೆ. ಹೀಗಿರುವಾಗ ಬಂದ ಸಂದೇಶವೊಂದನ್ನು ತೋರಿಸಿ, ಇದನ್ನು ಬರೆದವರು ಯಾರು, ನಂಬುವುದು ಹೇಗೆ ಎಂದು ಹಿರಿಯರು ಕೇಳಿದರೆ ಆ ಪ್ರಶ್ನೆಯನ್ನು ತಳ್ಳಿಹಾಕದೆ, ಪಕ್ಕದಲ್ಲಿ ಕುಳಿತು ಇಬ್ಬರೂ ಕೂಡಿ ಅದರ ಮೂಲವನ್ನು ಹುಡುಕಿ.