ಮುತ್ಯಾನ ಕೈ ನಡುಗುತ್ತಿದೆ: ಮಾತ್ರೆ ಆರಿಸುವುದು ಹೇಗೆ?

ನಡುಕ, ಬಿಗಿತ ತರುವ ಮೆದುಳಿನ ಕಾಯಿಲೆ ಪಾರ್ಕಿನ್ಸನ್ಸ್ ಎಂದು ವೈದ್ಯರು ಹೇಳಿದ ಕೂಡಲೇ ಮನೆಯವರು ಕೇಳುವುದು ‘ಯಾವ ಮಾತ್ರೆ ಒಳ್ಳೆಯದು?’ ಎಂದು. ಎಪ್ಪತ್ತು ದಾಟಿದವರ ವಿಷಯದಲ್ಲಿ ಅದಕ್ಕೂ ಮೊದಲು ಕೇಳಬೇಕಾದದ್ದು ಈಗ ನುಂಗುತ್ತಿರುವುದರಲ್ಲಿ ಯಾವುದನ್ನು ಬಿಡಬೇಕು ಎಂದು.

ಆದ್ದರಿಂದ ಮೊದಲ ಕೆಲಸ, ಮಾತ್ರೆಗಳ ಚೀಲವನ್ನು ಜೊತೆಗೆ ಒಯ್ಯುವುದು. ಆಳಂದ, ಸೇಡಂ, ಜೇವರ್ಗಿಯಿಂದ ಕಲಬುರಗಿಯ ನರರೋಗ ತಜ್ಞರ ಬಳಿ ಬರುವವರ ಕೈಯಲ್ಲಿ ಸ್ಕ್ಯಾನಿಂಗ್ ಫಿಲ್ಮಿನ ದೊಡ್ಡ ಲಕೋಟೆ ಇರುತ್ತದೆ, ಮಾತ್ರೆಗಳು ಮಾತ್ರ ಮನೆಯ ಗೂಡಿನಲ್ಲೇ ಉಳಿದಿರುತ್ತವೆ. ಈ ಕಾಯಿಲೆಯಲ್ಲಿ ಸ್ಕ್ಯಾನ್ ಬಹುತೇಕ ಸಹಜವಾಗಿಯೇ ಕಾಣುತ್ತದೆ. ಗುಟ್ಟು ಇರುವುದು ಚೀಲದಲ್ಲಿ. ತಲೆಸುತ್ತಿಗೆ ಕೊಡುವ ಸಿನ್ನಾರಿಜಿನ್, ಫ್ಲುನಾರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಗ್ಯಾಸ್ಟ್ರಿಕ್ ಕ್ಯಾಪ್ಸೂಲಿನಲ್ಲಿ ಸದ್ದಿಲ್ಲದೆ ಸೇರಿರುವ ಲೆವೊಸಲ್ಪಿರೈಡ್, ಇವು ಪಾರ್ಕಿನ್ಸನ್ಸ್‌ನಂಥದೇ ನಡುಕ, ಬಿಗಿತ ತರಬಲ್ಲವು. ವೈದ್ಯರು ಇವನ್ನು ನಿಲ್ಲಿಸಿದರೆ ಹಲವರಿಗೆ ವಾರಗಳಲ್ಲೋ ತಿಂಗಳುಗಳಲ್ಲೋ ಗುಣ ಕಾಣುತ್ತದೆ.

ಇದು ನಿಜವಾದ ಪಾರ್ಕಿನ್ಸನ್ಸ್ ಎಂದು ಖಚಿತವಾದ ಮೇಲೆ, ಅಂಗಿಯ ಗುಂಡಿ ಹಾಕಲು, ರೊಟ್ಟಿ ಮುರಿಯಲು, ನಡೆಯಲು ತೊಡಕಿದೆಯೇ ನೋಡಿ. ಇಲ್ಲವಾದರೆ ಕಾಯಬಹುದು. ಇದ್ದರೆ ಹಿರಿಯರಿಗೆ ಮೊದಲ ಆಯ್ಕೆ ಲೆವೊಡೋಪಾ–ಕಾರ್ಬಿಡೋಪಾ ಎಂಬ ಎರಡು ಔಷಧ ಸೇರಿದ ಮಾತ್ರೆ. ‘ಅದನ್ನು ಮುಂದಕ್ಕೆ ಉಳಿಸಿಕೊಳ್ಳೋಣ’ ಎಂಬ ಮಾತು ಹಳೆಯದು. ಬ್ರಿಟನ್ನಿನಲ್ಲಿ ಹೊಸದಾಗಿ ಕಾಯಿಲೆ ಪತ್ತೆಯಾದ 1,620 ಮಂದಿಯನ್ನು ವರ್ಷಗಟ್ಟಲೆ ಗಮನಿಸಿದ ‘ಪಿಡಿ ಮೆಡ್’ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಲೆವೊಡೋಪಾದಿಂದ ಆರಂಭಿಸಿದವರ ಓಡಾಟ ಬೇರೆ ಮಾತ್ರೆಗಳಿಂದ ಆರಂಭಿಸಿದವರಿಗಿಂತ ಸ್ವಲ್ಪ ಉತ್ತಮವಾಗಿತ್ತು, ಆ ಲಾಭ ವರ್ಷಗಳವರೆಗೂ ಉಳಿಯಿತು.

ಪಾರ್ಕಿನ್ಸನ್ಸ್‌ಗೆ ಕೊಡುವ ಬೇರೆ ಮಾತ್ರೆಗಳಾದ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಪ್ರಾಯದವರಿಗೆ ಸರಿಯೆನಿಸಬಹುದು. ವೃದ್ಧರಿಗೆ ಕಾಲುಬಾವು, ಹಗಲಲ್ಲೇ ಹಠಾತ್ ನಿದ್ದೆ, ಇಲ್ಲದವರು ಬಂದು ಕುಳಿತಂತೆ ಕಾಣುವುದು ಹೆಚ್ಚು. ಕೆಲವರಿಗೆ ಇಸ್ಪೀಟಿನ ಗೀಳೂ ಹತ್ತುತ್ತದೆ, ಮನೆಯಲ್ಲಿ ಹೇಳುವುದಿಲ್ಲ. ರಾಸಾಜಿಲಿನ್ ದಿನಕ್ಕೊಂದೇ ಮಾತ್ರೆ, ಪರಿಣಾಮ ಸೌಮ್ಯ; ಆದರೆ ನೋವಿನ ಟ್ರಮಡಾಲ್ ಜೊತೆ ಕೂಡದು, ಖಿನ್ನತೆಯ ಮಾತ್ರೆ ಇದ್ದರೆ ವೈದ್ಯರಿಗೆ ಹೇಳಲೇಬೇಕು. ನನ್ನ ತಕರಾರು ಇರುವುದು ಟ್ರೈಹೆಕ್ಸಿಫೆನಿಡಿಲ್ ಮೇಲೆ. ನಡುಕಕ್ಕೆಂದು ಅದನ್ನು ಇಂದಿಗೂ ಬರೆಯುತ್ತಾರೆ. ಮುದುಕರಲ್ಲಿ ಅದು ಮರೆವು, ಗಲಿಬಿಲಿ ತರುತ್ತದೆ, ಮೂತ್ರ ಕಟ್ಟುತ್ತದೆ, ಮಲಬದ್ಧತೆ ಹೆಚ್ಚಿಸುತ್ತದೆ. ಚೀಟಿಯಲ್ಲಿ ಆ ಹೆಸರು ಕಂಡರೆ ‘ಡಾಕ್ಟರೇ, ಇವರ ವಯಸ್ಸಿಗೆ ಇದು ಬೇಕೇ?’ ಎಂದು ಕೇಳಲು ಸಂಕೋಚಪಡಬೇಡಿ.

ಇನ್ನು ಔಷಧ ಅಂಗಡಿ. ಲೆವೊಡೋಪಾ ಮಾತ್ರೆಯ ಮೇಲಿನ 110, 125, 275 ಒಂದೇ ಔಷಧದ ಬೇರೆ ಬೇರೆ ಪ್ರಮಾಣ. 110 ಮತ್ತು 125 ಎರಡರಲ್ಲೂ ಲೆವೊಡೋಪಾ 100 ಮಿಲಿಗ್ರಾಂ; ಕಾರ್ಬಿಡೋಪಾ ಮಾತ್ರ ಒಂದರಲ್ಲಿ 10, ಇನ್ನೊಂದರಲ್ಲಿ 25. ವಾಕರಿಕೆ ತಡೆಯಲು ದಿನಕ್ಕೆ ಕನಿಷ್ಠ 70 ಮಿಲಿಗ್ರಾಂ ಕಾರ್ಬಿಡೋಪಾ ಬೇಕಾಗುವುದರಿಂದ ‘ಅದಿಲ್ಲ, ಇದನ್ನೇ ಒಯ್ಯಿರಿ’ ಎಂದರೆ ಒಪ್ಪಬೇಡಿ. ಸಾಮಾನ್ಯವಾಗಿ ಅರ್ಧ ಮಾತ್ರೆಯಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತಾರೆ.

ಮೊದಲ ವಾರಗಳಲ್ಲಿ ವಾಕರಿಕೆ ಬಂದರೆ ಮಾತ್ರೆಯ ಜೊತೆ ಸ್ವಲ್ಪ ತಿನ್ನಲಿ. ಹೊಂದಿಕೊಂಡ ಮೇಲೆ ಊಟಕ್ಕೆ ಅರ್ಧ ಗಂಟೆ ಮೊದಲು ನುಂಗುವುದು ಮೇಲು. ಬೇಳೆಯ ಪ್ರೋಟೀನು ಔಷಧ ರಕ್ತಕ್ಕೆ ಸೇರುವುದಕ್ಕೆ ಅಡ್ಡಬರುತ್ತದೆ. ಹಾಗೆಂದು ತೊಗರಿಯ ಕಣಜದಲ್ಲಿ ಕುಳಿತು ಬೇಳೆ ಬಿಡಬೇಕಿಲ್ಲ, ಹೊತ್ತು ಹೊಂದಿಸಿದರೆ ಸಾಕು. ಕಬ್ಬಿಣಾಂಶದ ಮಾತ್ರೆಯನ್ನೂ ಇದರ ಜೊತೆಗಲ್ಲ, ಬೇರೆ ಹೊತ್ತಿಗೆ ಕೊಡಿ. ನಸುಗುನ್ನಿ ಬೀಜದ ಪುಡಿಯಲ್ಲೂ ಲೆವೊಡೋಪಾ ಇದೆ. ಪಂಡಿತರು ಕೊಟ್ಟಿದ್ದರೆ ವೈದ್ಯರಿಗೆ ತಿಳಿಸಿ.

ಬೇಸಿಗೆಯಲ್ಲಿ ಇನ್ನೊಂದು ಎಚ್ಚರ. ಬೆವರಿ ನೀರು ಕಡಿಮೆಯಾದ ದೇಹದಲ್ಲಿ ಈ ಮಾತ್ರೆಗಳು ರಕ್ತದೊತ್ತಡವನ್ನು ಇನ್ನಷ್ಟು ಇಳಿಸುತ್ತವೆ. ಐದು ನಿಮಿಷ ಮಲಗಿಸಿ ಒಮ್ಮೆ, ನಿಲ್ಲಿಸಿ ಮೂರು ನಿಮಿಷದೊಳಗೆ ಮತ್ತೊಮ್ಮೆ ಬಿಪಿ ನೋಡಿ. ಮೇಲಿನ ಅಂಕಿ 20ರಷ್ಟು ಕುಸಿದರೆ ಬಿಪಿ ಮಾತ್ರೆಯ ಪ್ರಮಾಣ ತಗ್ಗಿಸಬೇಕೇ ಎಂದು ವೈದ್ಯರನ್ನು ಕೇಳಿ. ಪಾರ್ಕಿನ್ಸನ್ಸ್ ಮಾತ್ರೆಯನ್ನು ಮಾತ್ರ ನೀವಾಗಿಯೇ ಹಠಾತ್ತನೆ ನಿಲ್ಲಿಸಬೇಡಿ. ಮೈ ಸೆಟೆದು ಜ್ವರ ಏರಿ ಜೀವಕ್ಕೇ ಅಪಾಯವಾದೀತು.