ಬಾಯ್ಲರ್ ದೂಳು ಎದೆಗಿಳಿದಿದ್ದರೆ ಪರಿಹಾರ ಕೇಳುವುದು ಹೇಗೆ?

ಪಾಂಡವಪುರದ ಬಳಿಯ ಹಳ್ಳಿಯಲ್ಲಿರುವ ನನ್ನ ಸೋದರಮಾವನ ಮನೆಯ ಅಟ್ಟದಲ್ಲಿ ಒಂದು ತಗಡಿನ ಪೆಟ್ಟಿಗೆ ಇದೆ. ಅದರೊಳಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟ ಗೇಟ್ ಪಾಸುಗಳು, ಮಡಿಕೆಯಲ್ಲಿ ಹರಿದ ಸಂಬಳದ ಚೀಟಿಗಳು, ಮೇಸ್ತ್ರಿ ಕೈಯಲ್ಲಿ ಬರೆದುಕೊಟ್ಟ ಹಾಜರಿಯ ಲೆಕ್ಕ. ಮಾವ ವರ್ಷಗಟ್ಟಲೆ ಉಷ್ಣ ವಿದ್ಯುತ್ ಸ್ಥಾವರವೊಂದರಲ್ಲಿ ಗುತ್ತಿಗೆ ಕೆಲಸ ಮಾಡಿದವರು. ಬಾಯ್ಲರ್ ನಿಲ್ಲಿಸಿ ದುರಸ್ತಿಗೆ ತೆಗೆದುಕೊಂಡಾಗ ಉಗಿ ಕೊಳವೆಗಳ ಮೇಲಿನ ಹಳೆಯ ಹೊದಿಕೆಯನ್ನು ಸುತ್ತಿಗೆಯಿಂದ ಒಡೆದು ಕೆಳಗಿಳಿಸುವುದು ಅವರ ಪಾಲಿನ ಕೆಲಸ. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಅದೇ ರಕ್ಷಣೆ. ಉದುರುತ್ತಿದ್ದ ಬಿಳಿ ಪುಡಿ ಕಲ್ನಾರು, ಅಂದರೆ ಅಸ್ಬೆಸ್ಟಾಸ್, ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ನಮ್ಮ ಮಂಡ್ಯ ಸೀಮೆಗೆ ವಿದ್ಯುತ್ ಹೊಸದಲ್ಲ. ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿಯಿಂದ ವಿದ್ಯುತ್ ಹುಟ್ಟಿತು. ಆದರೆ ಅಲ್ಲಿ ಟರ್ಬೈನ್ ತಿರುಗಿಸುವುದು ನೀರು. ಕಲ್ನಾರಿನ ಹಾವಳಿ ಹೆಚ್ಚು ಇದ್ದದ್ದು ಬೆಂಕಿ, ಉಗಿ ಇರುವ ಕಡೆ: ಕಲ್ಲಿದ್ದಲಿನ ಸ್ಥಾವರಗಳಲ್ಲಿ, ಬಾಯ್ಲರ್ ಇಟ್ಟುಕೊಂಡ ಕಾರ್ಖಾನೆಗಳಲ್ಲಿ. ಬಾಯ್ಲರ್ ಗೋಡೆಯ ಹೊದಿಕೆ, ಕೊಳವೆ ಸುತ್ತಿದ ಹಗ್ಗ, ಗ್ಯಾಸ್ಕೆಟ್, ವಾಲ್ವಿನ ಪ್ಯಾಕಿಂಗ್, ವೆಲ್ಡಿಂಗ್ ಮಾಡುವಾಗ ಹಾಸುವ ಬಟ್ಟೆ ಎಲ್ಲದರಲ್ಲೂ ಅದನ್ನು ಬಳಸುತ್ತಿದ್ದರು. ಆದ್ದರಿಂದ ಹೊದಿಕೆ ಒಡೆದವರಷ್ಟೇ ಅಲ್ಲ, ಪಕ್ಕದಲ್ಲಿ ನಿಂತ ಫಿಟ್ಟರ್, ವೆಲ್ಡರ್, ಕೊನೆಗೆ ಕಸ ಗುಡಿಸಿದ ಹೆಲ್ಪರ್ ಕೂಡ ಅದೇ ಗಾಳಿ ಕುಡಿದಿದ್ದಾರೆ.

ಮೊದಲು ವೈದ್ಯರ ಬಳಿ ಬಾಯಿಬಿಡಿ

ಕಲ್ನಾರಿನ ಎಳೆ ಶ್ವಾಸಕೋಶ ಹೊಕ್ಕ ಮೇಲೆ ಕಾಯಿಲೆಯಾಗಿ ಕಾಣಿಸಿಕೊಳ್ಳಲು ಹತ್ತರಿಂದ ನಲವತ್ತು ವರ್ಷ ಹಿಡಿಯಬಹುದು. ಮೆಟ್ಟಿಲು ಹತ್ತುವಾಗ ಏದುಸಿರು, ಬಿಡದ ಒಣಕೆಮ್ಮು, ಎದೆ ಬಿಗಿತ. ಅಷ್ಟರಲ್ಲಿ ಕೆಲಸ ಬಿಟ್ಟು, ಊರಿಗೆ ಬಂದು, ಗದ್ದೆ ನೋಡಿಕೊಂಡು ಕಾಲವಾಗಿರುತ್ತದೆ. ಬಾಯ್ಲರಿನ ನೆನಪನ್ನು ಯಾರೂ ವೈದ್ಯರ ಮುಂದೆ ತೆಗೆಯುವುದಿಲ್ಲ. ಮಾವನಿಗೆ ಆದದ್ದೂ ಅದೇ. ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿದರು, ಕಫದಲ್ಲಿ ರೋಗಾಣು ಒಮ್ಮೆಯೂ ಸಿಗಲಿಲ್ಲ.

ಹಾಗಾಗಿ ಚೀಟಿ ಮಾಡಿಸಿದ ದಿನವೇ ಹೇಳಿ: ಎಲ್ಲಿ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಕೆಲಸ ಮಾಡಿದಿರಿ. ಅದನ್ನು ಚೀಟಿಯಲ್ಲಿ ಬರೆಯುವಂತೆ ಕೇಳಿಕೊಳ್ಳಿ. ಮುಂದೆ ನ್ಯಾಯಾಲಯ ಓದುವುದು ಆ ಸಾಲನ್ನೇ. ಎದೆಯ ಎಕ್ಸ್‌-ರೇ, ಎಚ್‌ಆರ್‌ಸಿಟಿ ಸ್ಕ್ಯಾನ್, ಉಸಿರಿನ ಸಾಮರ್ಥ್ಯ ಅಳೆಯುವ ಸ್ಪೈರೋಮೆಟ್ರಿ, ಈ ಮೂರೂ ಬೇಕು. ಮೈಸೂರಿನ ಕೆಆರ್‌ಎಸ್ ರಸ್ತೆಯ ಪಿಕೆಟಿಬಿ ಆಸ್ಪತ್ರೆ ಎದೆರೋಗಗಳಿಗೇ ಇರುವ ಸರ್ಕಾರಿ ಆಸ್ಪತ್ರೆ; ಮಂಡ್ಯದವರಿಗೆ ಮಿಮ್ಸ್ (ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ) ಆಸ್ಪತ್ರೆ ಹತ್ತಿರ. ಬೀಡಿ, ಸಿಗರೇಟು ಸೇದುವವರು ಇಂದೇ ಬಿಡಬೇಕು. ಕಲ್ನಾರು ಮತ್ತು ಹೊಗೆ ಜೊತೆಗೂಡಿದರೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಹಲವು ಪಟ್ಟು ಏರುತ್ತದೆ.

ಪ್ರಮಾಣಪತ್ರದಲ್ಲಿ ಕಾಯಿಲೆಯ ಹೆಸರು ಸ್ಪಷ್ಟವಾಗಿರಲಿ. ಅಸ್ಬೆಸ್ಟೋಸಿಸ್ (ಕಲ್ನಾರಿನ ಎಳೆಯಿಂದ ಶ್ವಾಸಕೋಶ ಗಡುಸಾಗುವ ಕಾಯಿಲೆ), ಕಲ್ನಾರಿನಿಂದ ಬಂದ ಶ್ವಾಸಕೋಶದ ಕ್ಯಾನ್ಸರ್, ಮೆಸೊಥೆಲಿಯೋಮಾ (ಶ್ವಾಸಕೋಶದ ಸುತ್ತಲಿನ ಪೊರೆಯಂಥ ಪೊರೆಗಳ ಕ್ಯಾನ್ಸರ್) ಇವೆಲ್ಲ ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿವೆ. ‘ಉಸಿರಾಟದ ತೊಂದರೆ’ ಎಂದು ಬರೆದ ಕಾಗದ ನಿಮ್ಮನ್ನು ಎಲ್ಲಿಗೂ ಮುಟ್ಟಿಸುವುದಿಲ್ಲ.

ಕೆಲಸ ಮಾಡಿದ್ದಕ್ಕೆ ಸಾಕ್ಷಿ

ಹೆಚ್ಚಿನವರು ಸೋಲುವುದು ಇಲ್ಲಿಯೇ. ಕಾಯಿಲೆ ಇರುವುದು ನಿಜ, ಆದರೆ ನೀವು ನಮ್ಮಲ್ಲಿ ಕೆಲಸ ಮಾಡಿದ್ದಿರಿ ಎಂಬುದಕ್ಕೆ ಏನು ಗುರುತು ಎಂದು ಎದುರಿನವರು ಕೇಳುತ್ತಾರೆ. ಪಿಎಫ್ ಪಾಸ್‌ಪುಸ್ತಕ, ಇಎಸ್‌ಐ (ನೌಕರರ ರಾಜ್ಯ ವಿಮೆ) ಸಂಖ್ಯೆ, ಗೇಟ್ ಪಾಸ್, ಸಂಬಳ ಜಮೆಯಾದ ಬ್ಯಾಂಕ್ ಪುಸ್ತಕ, ಕ್ವಾರ್ಟರ್ಸ್‌ನ ರಸೀದಿ, ಬಾಯ್ಲರ್ ಮುಂದೆ ಗುಂಪಾಗಿ ನಿಂತ ಫೋಟೊ, ಏನಿದ್ದರೂ ತೆಗೆದಿಡಿ. ಒಂದು ನೋಟ್‌ಬುಕ್ಕಿನಲ್ಲಿ ವರ್ಷವಾರು ಬರೆಯಿರಿ: ಯಾವ ಘಟಕ, ಯಾವ ಗುತ್ತಿಗೆದಾರ, ಎಷ್ಟು ದಿನದ ದುರಸ್ತಿ, ಜೊತೆಯಲ್ಲಿ ಯಾರಿದ್ದರು.

ಸ್ಥಾವರ ಸರ್ಕಾರದ್ದಾದರೆ ಮಾಹಿತಿ ಹಕ್ಕಿನಡಿ ಕೇಳಬಹುದು. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಬಗ್ಗೆ, 150 ಪದ ಮೀರದಂತೆ ಇರಬೇಕು. ಆದ್ದರಿಂದ ಹಾಜರಿ ದಾಖಲೆಗೆ ಒಂದು, ಆರೋಗ್ಯ ತಪಾಸಣೆಯ ದಾಖಲೆಗೆ ಇನ್ನೊಂದು ಎಂದು ಬೇರೆ ಬೇರೆ ಹಾಕಿ. ಆರೋಗ್ಯ ದಾಖಲೆ ಕೇಳುವಾಗ ಒಂದು ತೀರ್ಪನ್ನು ಹೆಸರಿಸಿ. 1995ರ ಜನವರಿ 27ರಂದು ಸುಪ್ರೀಂ ಕೋರ್ಟ್, ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ, ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು ಎಂದು ಆದೇಶಿಸಿದೆ. ಕಾರ್ಮಿಕನ ಆರೋಗ್ಯ ಸಂವಿಧಾನದ 21ನೇ ವಿಧಿಯೊಳಗಿನ ಹಕ್ಕು ಎಂದೂ ಅದೇ ತೀರ್ಪು ಹೇಳಿದೆ. ‘ಹಳೆಯ ಕಾಗದ ಈಗ ಎಲ್ಲಿ ಸಿಗುತ್ತದೆ’ ಎನ್ನುವವರಿಗೆ ಇದನ್ನು ತೋರಿಸಿ.

ಕಾಗದ ಇಲ್ಲದಿದ್ದರೆ ಜೊತೆಗಾರರೇ ಸಾಕ್ಷಿ. ಮಾವನ ಚೀಟಿಗಳಲ್ಲಿ ಇಬ್ಬರ ಹೆಸರು ಸಿಕ್ಕಿತು. ಮದ್ದೂರಿನ ಕಡೆಯವರೊಬ್ಬರ ಹೇಳಿಕೆ ಬರೆಸಿಕೊಂಡು ಬಂದೆವು. ಇನ್ನೊಬ್ಬರ ಮನೆ ಹುಡುಕಿಕೊಂಡು ಹೋದಾಗ ಅವರ ತಿಥಿ ಕಳೆದು ಎರಡು ತಿಂಗಳಾಗಿತ್ತು. ಈ ಕೆಲಸವನ್ನು ಮುಂದಕ್ಕೆ ಹಾಕಬೇಡಿ.

ಅರ್ಜಿ ಯಾರ ಮುಂದೆ, ಎಲ್ಲಿ?

ಇಎಸ್‌ಐ ಇದ್ದವರು ಇಎಸ್‌ಐ ಮೂಲಕವೇ ಹೋಗಬೇಕು. ಅಲ್ಲಿ ವೈದ್ಯಕೀಯ ಮಂಡಳಿ ಅಂಗವೈಕಲ್ಯದ ಪ್ರಮಾಣ ನಿರ್ಧರಿಸಿ, ಪ್ರತಿ ತಿಂಗಳು ಹಣ ಬರುವಂತೆ ಮಾಡುತ್ತದೆ. ಇಎಸ್‌ಐ ಇಲ್ಲದವರ ದಾರಿ 1923ರ ನೌಕರರ ಪರಿಹಾರ ಕಾಯ್ದೆಯಾಗಿತ್ತು; ಅದರಡಿ ಅರ್ಜಿ ಕೇಳುವವರು ನೌಕರರ ಪರಿಹಾರ ಆಯುಕ್ತರು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅದೂ ಸೇರಿದೆ. ನಿಮ್ಮ ಪ್ರಕರಣಕ್ಕೆ ಹಳೆಯದೋ ಹೊಸದೋ ಎಂಬುದನ್ನು ವಕೀಲರು ನೋಡಬೇಕು.

ಹೊರ ಜಿಲ್ಲೆಯಲ್ಲಿ ದುಡಿದವರು ಅಲ್ಲಿಗೇ ಅಲೆಯಬೇಕಾಗಿಲ್ಲ. ಅರ್ಜಿದಾರ ವಾಸವಿರುವ ಜಾಗದಲ್ಲೇ ಅರ್ಜಿ ಹಾಕಲು ಕಾನೂನು ಬಿಡುತ್ತದೆ. ಮಂಡ್ಯದವರಿಗೆ ಮಂಡ್ಯ, ಮೈಸೂರಿನವರಿಗೆ ಮೈಸೂರು. ಗುತ್ತಿಗೆದಾರ ಊರು ಬಿಟ್ಟು ಎಲ್ಲೋ ಹೋಗಿದ್ದರೆ ಎದೆಗುಂದಬೇಡಿ. ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಪರಿಹಾರ ಕೊಡಬೇಕು, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳುವುದು ಅವನಿಗೆ ಬಿಟ್ಟದ್ದು. ಅರ್ಜಿಯಲ್ಲಿ ಇಬ್ಬರನ್ನೂ ಪ್ರತಿವಾದಿ ಮಾಡಿ.

ಕಷ್ಟದ ಗಂಟು ಗಡುವಿನದು. ಕ್ಲೇಮು ಎರಡು ವರ್ಷದೊಳಗೆ ಬರಬೇಕು ಎನ್ನುತ್ತದೆ ಕಾನೂನು. ನಿಧಾನವಾಗಿ ಕೊಲ್ಲುವ ಕಾಯಿಲೆಗೆ ಇದು ಅನ್ಯಾಯದ ಅಳತೆ ಎಂಬುದೇ ನನ್ನ ಅಭಿಪ್ರಾಯ. ಎದುರಿನ ವಕೀಲರು ಮೊದಲು ಹಿಡಿಯುವುದೂ ಇದನ್ನೇ. ಆದರೆ ಸಕಾರಣವಿದ್ದರೆ ತಡವನ್ನು ಮನ್ನಿಸುವ ಅಧಿಕಾರ ಆಯುಕ್ತರಿಗೆ ಇದೆ. ಕಾಯಿಲೆ ಮೊದಲು ಗೊತ್ತಾದ ದಿನದ ವರದಿ ಇಟ್ಟು, ತಡ ಮನ್ನಿಸಲು ಪ್ರತ್ಯೇಕ ಅರ್ಜಿ ಸೇರಿಸಿ. ವರದಿ ಕೈಗೆ ಬಂದ ವಾರದಲ್ಲೇ ವಕೀಲರನ್ನು ಕಾಣುವುದು ಎಲ್ಲಕ್ಕಿಂತ ಮೇಲು.

ವಕೀಲರಿಗೆ ಹಣವಿಲ್ಲದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಕೈಗಾರಿಕಾ ಕಾರ್ಮಿಕರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಉಚಿತ ನೆರವು ಕಾನೂನು ಕೊಟ್ಟ ಹಕ್ಕು. 15100ಕ್ಕೆ ಕರೆ ಮಾಡಿದರೂ ದಾರಿ ತೋರಿಸುತ್ತಾರೆ.

ಎಷ್ಟು ಸಿಗಬಹುದು?

ಹಳೆಯ ಕಾಯ್ದೆಯ ಸೂತ್ರದಂತೆ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ತಿಂಗಳ ಸಂಬಳದ ಶೇ 60ನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕು. ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 2020ರ ಜನವರಿಯಿಂದ 15,000 ರೂಪಾಯಿ. 60 ವರ್ಷದವರ ಗುಣಕ 117.41. ಅಂದರೆ 9,000ವನ್ನು 117.41ರಿಂದ ಗುಣಿಸಿದರೆ 10,56,690 ರೂಪಾಯಿ. ದುಡಿಯುವ ಶಕ್ತಿ ಶೇ 40ರಷ್ಟು ಮಾತ್ರ ಹೋಗಿದೆ ಎಂದು ವೈದ್ಯರು ಹೇಳಿದರೆ ಅದರ ಶೇ 40, ಅಂದರೆ 4,22,676. ಸಾವಾದರೆ ಶೇ 60ರ ಬದಲು ಶೇ 50. ಅವಲಂಬಿತರು ಅರ್ಜಿ ಹಾಕಬೇಕು. ಒಂದು ತಿಂಗಳೊಳಗೆ ಕೊಡದಿದ್ದರೆ ಶೇ 12ರ ಬಡ್ಡಿ, ಸಕಾರಣವಿಲ್ಲದೆ ಎಳೆದರೆ ಶೇ 50ರವರೆಗೆ ದಂಡ. ಅರ್ಜಿಯಲ್ಲಿ ಬಡ್ಡಿಯನ್ನೂ ದಂಡವನ್ನೂ ಬರೆದು ಕೇಳಿ.

ಕಾನೂನಿನ ಲೆಕ್ಕಕ್ಕೆ ಬಾರದ ಒಬ್ಬರು ಇದ್ದಾರೆ. ಮಾವ ರಜೆಗೆ ಬಂದಾಗ ತರುತ್ತಿದ್ದ ಗಂಟಿನಿಂದ ಅವರ ಅಂಗಿಗಳನ್ನು ಕೊಡವಿ, ವಿ.ಸಿ. ನಾಲೆಯ ಕಲ್ಲಿನ ಮೇಲೆ ಒಗೆಯುತ್ತಿದ್ದವರು ಅತ್ತೆ. ಬಟ್ಟೆಯ ದೂಳಿನಿಂದಲೂ ಮನೆಯವರಿಗೆ ಈ ಕಾಯಿಲೆ ಬರಬಲ್ಲದು. ಅವರು ನೌಕರರಲ್ಲದ ಕಾರಣ ಈ ಕಾಯ್ದೆಯಲ್ಲಿ ಅವರಿಗೆ ಜಾಗವಿಲ್ಲ. ಕಳೆದ ತಿಂಗಳು ಅತ್ತೆಗೂ ಎಕ್ಸ್‌-ರೇ ತೆಗೆಸಿದೆವು. ಸದ್ಯಕ್ಕೆ ಏನೂ ಕಾಣುತ್ತಿಲ್ಲ, ವರ್ಷಕ್ಕೊಮ್ಮೆ ಬಂದು ತೋರಿಸಿ ಎಂದಿದ್ದಾರೆ.