ದೊಡ್ಡಪ್ಪನ ಎಂಜಿ ಕಾರು: ಕೀಲಿ ಆಮೇಲೆ, ಮೊದಲು ಬ್ರೇಕು

ಬೆಂಗಳೂರಿನ ಗವಿಪುರದ ಹಳೇ ಮನೆಯ ಶೆಡ್ ಬಾಗಿಲು ತೆಗೆದಾಗ ಮೊದಲು ಹೊರಗೆ ಬಂದದ್ದು ಒಂದು ಹೆಗ್ಗಣ. ಅದರ ಹಿಂದೆ ಕತ್ತಲಲ್ಲಿ ದೊಡ್ಡಪ್ಪನ ಕಾರು. 1957ರ ಎಂಜಿಎ, ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಎಂವೈ ಅಂತ ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರು. 1988ರಲ್ಲಿ ಅವರು ನಿಲ್ಲಿಸಿದ ಮೇಲೆ ಯಾರೂ ಮುಟ್ಟಿರಲಿಲ್ಲ. ನಮ್ಮ ಯಜಮಾನರು ಸಂಜೆಯೊಳಗೆ ಬ್ಯಾಟರಿ ಹೊತ್ತುಕೊಂಡು ಬಂದು, "ಒಂದ್ಸಲ ಸ್ಟಾರ್ಟ್ ಮಾಡೇ ಬಿಡೋಣ" ಅಂದರು. ನಾನು ಬಿಡಲಿಲ್ಲ. ಇಡೀ ಕೆಲಸದಲ್ಲಿ ನಾನು ಮಾಡಿದ ಅತಿ ಜಾಣ ಕೆಲಸ ಅದೇ.

ನಾನು ಹೈಸ್ಕೂಲಲ್ಲಿ ವಿಜ್ಞಾನ ಹೇಳಿ ರಿಟೈರ್ ಆದವಳು, ಮೆಕ್ಯಾನಿಕ್ ಅಲ್ಲ. ಮೂರು ವರ್ಷ ಆ ಕಾರಿನ ಕೆಳಗೆ ಮಲಗಿ ಕಲಿತದ್ದು ಇಷ್ಟು.

ವರ್ಷಗಟ್ಟಲೆ ನಿಂತ ಎಂಜಿನ್‌ನಲ್ಲಿ ಪಿಸ್ಟನ್ ರಿಂಗು ತುಕ್ಕು ಹಿಡಿದು ಸಿಲಿಂಡರಿನ ಒಳಗೋಡೆಗೆ ಅಂಟಿಕೊಂಡಿರಬಹುದು. ಒಂದೆರಡು ವಾಲ್ವ್ ಸಿಕ್ಕಿಕೊಂಡಿರಬಹುದು. ಸ್ಟಾರ್ಟರಿಗೆ ಅದೆಲ್ಲ ಗೊತ್ತಾಗಲ್ಲ, ಜೋರಾಗಿ ತಿರುಗಿಸುತ್ತದೆ. ರಿಂಗ್ ಮುರಿಯುತ್ತದೆ, ವಾಲ್ವ್ ಎತ್ತುವ ಪುಶ್ ರಾಡ್ ಬಾಗುತ್ತದೆ. ಅದಕ್ಕೇ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಡೀಸೆಲ್ಲಿಗೆ ಎಂಜಿನ್ ಆಯಿಲ್ ಬೆರೆಸಿ ಒಂದೊಂದು ಸಿಲಿಂಡರಿಗೂ ಎರಡು ಚಮಚ ಬಿಡಿ. ದಿನಾ ನೋಡಿ, ಇಂಗಿದ್ದರೆ ಮತ್ತೆ ಬಿಡಿ. ವಾರ ಕಳೆದ ಮೇಲೆ ಹಳೇ ಆಯಿಲ್ ಇಳಿಸಿ ಹೊಸದು ಹಾಕಿ, ಮುಂದಿನ ಕ್ರ್ಯಾಂಕ್ ಹ್ಯಾಂಡಲ್ಲಿನಿಂದ ಕೈಯಲ್ಲೇ ಮೆಲ್ಲಗೆ ಅಲ್ಲಾಡಿಸಿ. ನಮ್ಮದು ಹನ್ನೊಂದನೇ ದಿನ ಅಲ್ಲಾಡಿತು. ತಿರುಗಿದರೂ ಸ್ಟಾರ್ಟ್ ಮಾಡಬೇಡಿ. ಎಂಜಿನ್ ಮೇಲಿನ ಮುಚ್ಚಳ, ಅಂದರೆ ರಾಕರ್ ಕವರ್ ತೆಗೆದು, ಎಂಟೂ ವಾಲ್ವ್ ಹತ್ತಿಳಿಯುತ್ತವಾ ಅಂತ ಕಣ್ಣಾರೆ ನೋಡಿಕೊಳ್ಳಿ.

ಸ್ಪ್ಯಾನರ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಇದು ಇಂಚಿನ ಲೆಕ್ಕದ ಕಾರು. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. 13ರ ಸ್ಪ್ಯಾನರ್ ಕೂತ ಹಾಗೇ ಕಾಣುತ್ತದೆ, ಬಲ ಹಾಕಿದಾಗ ನಟ್ಟಿನ ಮೂಲೆ ಸವೆದುಹೋಗುತ್ತದೆ. ಎ.ಎಫ್. ಅನ್ನುವ ಇಂಚಿನ ಸ್ಪ್ಯಾನರ್ ಸೆಟ್ ಒಂದು ತಗೊಳ್ಳಿ.

ಇನ್ನು ಬಿಡಿಭಾಗ. ಇಲ್ಲಿ ನಮ್ಮ ಅದೃಷ್ಟ ಚೆನ್ನಾಗಿದೆ. ನಮ್ಮದು ಎಂಜಿಎ 1500, ಅದರಲ್ಲಿರುವುದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ (ಬಿಎಂಸಿ) 1489 ಸಿಸಿಯ ಬಿ-ಸೀರೀಸ್ ಎಂಜಿನ್. ನಮ್ಮ ಪೆಟ್ರೋಲ್ ಅಂಬಾಸಿಡರಿಗೆ ದಶಕಗಟ್ಟಲೆ ಹಾಕಿದ್ದೂ ಅದೇ ವಂಶದ್ದು, ಅಷ್ಟೇ ಸಿಸಿ. ಎಂಜಿಗೆ ಎರಡು ಎಸ್‌ಯು ಕಾರ್ಬುರೇಟರ್, ಅಂಬಾಸಿಡರಿಗೆ ಒಂದೇ. ಹಾಗಾಗಿ ವಿದೇಶಕ್ಕೆ ಆರ್ಡರ್ ಹಾಕುವ ಮೊದಲು ಹಳೇ ಗ್ಯಾಸ್ಕೆಟ್ಟೋ ವಾಲ್ವೋ ಕೈಯಲ್ಲಿ ಹಿಡಿದು ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆ ಒಂದು ಸುತ್ತು ಹಾಕಿ. ಅಂಗಡಿಯವರ ಮಾತಿನ ಮೇಲೆ ತರಬೇಡಿ, ಪಕ್ಕಪಕ್ಕ ಇಟ್ಟು ಅಳತೆ ನೋಡಿ ತನ್ನಿ.

ಅಂಬಾಸಿಡರ್ ಬಿಚ್ಚಿ ಕೂದಲು ಬೆಳ್ಳಗಾದ ಒಬ್ಬ ಮೇಸ್ತ್ರಿ ಸಿಕ್ಕರೆ ಬಿಡಲೇಬೇಡಿ. ನನಗೆ ಸಿಕ್ಕಿದವರು ಬಾನೆಟ್ ಎತ್ತಿದವರೇ ನಕ್ಕರು. "ಟೀಚರಮ್ಮ, ಇದು ನಮ್ಮ ಗಾಡೀನೇ, ಸೂಟು ಹಾಕ್ಕೊಂಡಿದೆ ಅಷ್ಟೆ." ಅವರ ಮೊದಲ ಸಲಹೆ ಮಾತ್ರ ನಾನು ಕೇಳಲಿಲ್ಲ. ಪೂರ್ತಿ ಅಂಬಾಸಿಡರ್ ಎಂಜಿನ್ನೇ ಕೂರಿಸಿಬಿಡೋಣ ಅಂದಿದ್ದರು. 50 ವರ್ಷ ದಾಟಿದ ಗಾಡಿಗೆ 2021ರ ಕೇಂದ್ರದ ನಿಯಮದಲ್ಲಿ ವಿಂಟೇಜ್ ನೋಂದಣಿ ಇದೆ. ಅದಕ್ಕೆ ಚಾಸಿ, ಬಾಡಿ, ಎಂಜಿನ್ ಮೂಲದಂತೆ ಇರಬೇಕು. ಶುಲ್ಕ 20,000 ರೂಪಾಯಿ, 10 ವರ್ಷ ನಡೆಯುತ್ತದೆ. ಆದರೆ ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲಿಗೆ ಅಷ್ಟೇ. ದೊಡ್ಡಪ್ಪ ತೀರಿಕೊಂಡಿದ್ದರಿಂದ ಮೊದಲು ಫಾರ್ಮ್ 31ರಲ್ಲಿ ಹೆಸರು ಬದಲಾಯಿಸಬೇಕಾಯಿತು. ಕಾಗದದ ಕೆಲಸ ಮೊದಲ ತಿಂಗಳೇ ಶುರುಮಾಡಿ. ತುಕ್ಕಿಗಿಂತ ನಿಧಾನ ಅದು.

ಈಗ ಬ್ರೇಕು. ಎಂಜಿನ್ ಸದ್ದು ಕೇಳುವ ಆಸೆ ಎಲ್ಲರಿಗೂ ಇರುತ್ತೆ, ಅಲ್ವಾ? ಆದರೆ ಎಂಜಿನ್ ಓಡಿದ ದಿನವೇ "ಗೇಟಿನ ತನಕ" ಅಂತ ಯಾರಾದರೂ ಹೊರಡುತ್ತಾರೆ. ನಮ್ಮ ಗೇಟಿನಾಚೆ ಇಳಿಜಾರು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಆ ನೀರು ಬ್ರೇಕ್ ಸಿಲಿಂಡರಿನ ಒಳಗೆ ಗುಳಿ ಬೀಳಿಸುತ್ತದೆ. ನಾಲ್ಕೂ ಡ್ರಮ್ ಬಿಚ್ಚಿ ರಬ್ಬರ್ ಸೀಲು, ಹೋಸ್ ಎಲ್ಲ ಹೊಸದು ಹಾಕಿ. ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿ ಮುಚ್ಚಿಕೊಂಡಿರುತ್ತದೆ. ಈ ಕಾರಿನಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಒಂದೇ ಡಬ್ಬಿಯಲ್ಲಿದೆ, ಎರಡನ್ನೂ ಒಟ್ಟಿಗೇ ಮುಗಿಸಿ. ಹಳೇ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಆ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ.

ತುಕ್ಕು ತೆಗೆಯುವುದು ನನ್ನ ಇಷ್ಟದ ಕೆಲಸ, ಯಾಕೆಂದರೆ ಅದು ಎಂಟನೇ ಕ್ಲಾಸಿನ ಪಾಠ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು, ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ. ತುಕ್ಕಿನ ಭಾಗಕ್ಕೆ ಬ್ಯಾಟರಿ ಚಾರ್ಜರಿನ ನೆಗೆಟಿವ್, ಒಂದು ಬೇಡದ ಕಬ್ಬಿಣದ ತುಂಡಿಗೆ ಪಾಸಿಟಿವ್. ಎರಡೂ ಒಂದಕ್ಕೊಂದು ತಾಗಬಾರದು. ರಾತ್ರಿ ಕಳೆಯುವುದರೊಳಗೆ ತುಕ್ಕು ಕಪ್ಪು ಕೆಸರಾಗಿ ಕೈಗೇ ಬರುತ್ತದೆ. ಸ್ಟೀಲ್ ಚಮಚ, ಸ್ಟೀಲ್ ತಟ್ಟೆ ಪಾಸಿಟಿವ್ ಕಡೆ ಹಾಕಬೇಡಿ, ನೀರಿಗೆ ವಿಷದ ಕ್ರೋಮಿಯಂ ಸೇರುತ್ತದೆ. ಹೈಡ್ರೋಜನ್ ಬರುತ್ತೆ, ಹಾಗಾಗಿ ಬಯಲಲ್ಲೇ ಇಡಿ.

ಇಷ್ಟೆಲ್ಲ ಗೊತ್ತಿದ್ದೂ ನಾನು ಕಾರ್ಬುರೇಟರಿನ ಫ್ಲೋಟ್ ಡಬ್ಬಿಯ ಮುಚ್ಚಳವನ್ನು ಅದೇ ಬಕೆಟ್ಟಿಗೆ ಹಾಕಿದೆ. ಅದು ಅಲ್ಯೂಮಿನಿಯಂ. ಕ್ಷಾರ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ ಅಂತ ಎಷ್ಟು ವರ್ಷ ಬೋರ್ಡಿನ ಮೇಲೆ ಬರೆದಿದ್ದೆ! ಬೆಳಿಗ್ಗೆ ಮುಚ್ಚಳ ಜೇನುಗೂಡಾಗಿತ್ತು. ಯಜಮಾನರು ಏನೂ ಅನ್ನಲಿಲ್ಲ, ಸುಮ್ನೆ ಕಾಫಿ ಕೊಟ್ಟು ಹೋದರು.

ಅಲ್ಯೂಮಿನಿಯಂ ಇನ್ನೊಂದು ಕಡೆಯೂ ಮೋಸ ಮಾಡುತ್ತದೆ. ಬಾಡಿಯಲ್ಲಿ ಪುಟ್ಟಿ ಎಲ್ಲಿದೆ ಅಂತ ತಿಳಿಯಲು ಅಯಸ್ಕಾಂತ ಹಿಡಿಯುತ್ತಾರೆ. ಎಂಜಿಎಯ ಬಾನೆಟ್, ಡಿಕ್ಕಿ ಮುಚ್ಚಳ, ಬಾಗಿಲಿನ ಹೊರತಗಡು ಅಲ್ಯೂಮಿನಿಯಮ್ಮಿನವು, ಅಲ್ಲಿ ಅಯಸ್ಕಾಂತ ಹಿಡಿಯುವುದೇ ಇಲ್ಲ. ಪುಟ್ಟಿ ಅಂದುಕೊಂಡು ಕೆರೆಯಬೇಡಿ. ನೆಲ ಮರದ ಹಲಗೆ, ನಿಜವಾಗಲೂ ಪ್ಲೈವುಡ್. ಕೊಳೆತಿದ್ದರೆ ಐಎಸ್ 710 ಮುದ್ರೆ ಇರುವ ಮರೀನ್ ಪ್ಲೈ ತಂದು ಹಳೇದನ್ನೇ ಅಚ್ಚಾಗಿ ಇಟ್ಟು ಕೊಯ್ಯಿಸಿ. ಹಲಗೆ ಎತ್ತಿದಾಗ ಕೆಳಗಿನ ಚಾಸಿಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಒಳಗೆ ಹೋದರೆ ವೆಲ್ಡಿಂಗಿನವರನ್ನು ಕರೆಸಬೇಕು.

ಪೆಟ್ರೋಲ್ ಟ್ಯಾಂಕಿಗೆ ಮಾತ್ರ ಮನೆಯಲ್ಲಿ ಬೆಂಕಿ ತೋರಿಸಬೇಡಿ, ಖಾಲಿ ಟ್ಯಾಂಕಿನ ಆವಿಯೇ ಸಿಡಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಹಳೇ ರಬ್ಬರ್ ಪೈಪು ಕರಗಿ ಸೋರುತ್ತದೆ. ಎಲ್ಲ ಪೈಪೂ ಬದಲಿಸಿ.

ಕರೆಂಟಿನಲ್ಲಿ ಒಂದೇ ಎಚ್ಚರಿಕೆ. ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿ, ಮತ್ತು ಬಾಡಿಗೆ ಸೇರುವುದು ಪಾಸಿಟಿವ್. ಇದು ತಿಳಿಯದ ಒಬ್ಬ ಹುಡುಗ ನಮ್ಮದಕ್ಕೆ ಉಲ್ಟಾ ಜೋಡಿಸಿ, ಬ್ಯಾಟರಿ ಚಾರ್ಜಿಂಗ್ ನೋಡಿಕೊಳ್ಳುವ ಕಟೌಟ್ ಸುಟ್ಟ. ಬ್ಯಾಟರಿ ಪಕ್ಕ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬರೆದಿಡಿ.

ಮೊದಲ ಓಟ ಭಾನುವಾರ ಬೆಳಿಗ್ಗೆ ಆರಕ್ಕೆ ಇಟ್ಟುಕೊಂಡೆವು, ಲಾಲ್‌ಬಾಗ್ ಪಶ್ಚಿಮ ಗೇಟಿನ ತನಕ. ವಾಪಸ್ ಬಂದು ನೋಡಿದರೆ ಹಿಂದಿನ ಎಡಚಕ್ರದ ಹತ್ತಿರ ಬ್ರೇಕ್ ಆಯಿಲ್ ಒಂದು ಹನಿ. ಮೇಸ್ತ್ರಿ ಅಲ್ಲೇ ಕೂತು ಪೈಪು ಸೇರುವ ಯೂನಿಯನ್ ನಟ್ ಕಾಲು ಸುತ್ತು ಬಿಗಿ ಮಾಡಿದರು. ಅಷ್ಟರಲ್ಲಿ ಹಾಲಿನ ಹುಡುಗ ಬಂದು ಬಾಗಿಲಿಗೆ ಹಿಡಿ ಎಲ್ಲಿ ಅಂತ ಹುಡುಕುತ್ತಿದ್ದ. ಹೊರಗಡೆ ಹಿಡಿಯೇ ಇಲ್ಲ ಮಗಾ, ಒಳಗೆ ಕೈ ಹಾಕಿ ಎಳಿ ಅಂದೆ.